ಫೋಮಿನ ಕಡವೆ

ಸಿಡ್ನಿಯ ಹೊರವಲಯದ ಲಿವರ್‌ಪೂಲಿನ ನಮ್ಮ ಫ್ಲ್ಯಾಟಿನಲ್ಲಿ ಬೆಳಗಿನ ಹೊತ್ತು ಯಾವ ಬಾಗಿಲನ್ನೂ ಸುಮ್ಮನೆ ತೆರೆಯುವಂತಿರಲಿಲ್ಲ. ಬಚ್ಚಲಿನಿಂದ ಹೊರಬೀಳುವ ಮುಂಚೆ, ಮಲಗುವ ಕೋಣೆಯಿಂದ ಅಡುಗೆಮನೆಗೆ ಹೋಗುವ ಮುಂಚೆ, ಒಳಗಿನಿಂದಲೇ ಗಟ್ಟಿಯಾಗಿ ಕೇಳಬೇಕಿತ್ತು.

“ಬರ್ಲಾ?”

ಅಪ್ಪ “ತಡಿ” ಅಂದರೆ ಹಿಡಿಕೆಯ ಮೇಲೆ ಕೈಯಿಟ್ಟು ನಿಲ್ಲಬೇಕು. ಸ್ವಲ್ಪ ಹೊತ್ತು ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಟಪ್ ಎಂದು ಒಂದು ದಪ್ಪ ಸದ್ದು. ಅದರ ಹಿಂದೆಯೇ “ಬಾ.” ಹೊರಗೆ ಬಂದರೆ ನಮ್ಮ ಉದ್ದನೆಯ, ಇಕ್ಕಟ್ಟಾದ ಕಾರಿಡಾರು. ಅದರ ಒಂದು ಕೊನೆಯಲ್ಲಿ, ಬಾಲ್ಕನಿಗೆ ಬೆನ್ನು ಮಾಡಿಕೊಂಡು, ಬನಿಯನ್ ಪೈಜಾಮದಲ್ಲಿ ನಿಂತ ಅಪ್ಪ. ಕೈಯಲ್ಲಿ ಎರಡೂ ತುದಿಗೆ ಪುಟ್ಟ ಚಕ್ರಗಳಿದ್ದ ಕಪ್ಪು ಬಿಲ್ಲು. ಇನ್ನೊಂದು ಕೊನೆಯಲ್ಲಿ, ಮುಂಬಾಗಿಲಿನ ಪಕ್ಕದ ಗೋಡೆಗೆ ಒರಗಿಸಿದ ಫೋಮಿನ ದಪ್ಪ ದಿಂಡು, ಅದರಲ್ಲಿ ನಾಟಿದ ಬಾಣ. ಅಪ್ಪ ರೈಲು ಡಬ್ಬಿಗಳ ವಿದ್ಯುತ್ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಆಫೀಸಿನ ಯಾರೋ ಒಂದು ಭಾನುವಾರ ಬಿಲ್ಲುಗಾರರ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿಂದ ಬಂದವರು ಎರಡು ದಿನ ಊಟದ ತಟ್ಟೆಯ ಮುಂದೆ ಕೂತು ಬಲಗೈ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದರು ಎಂದು ಅಮ್ಮ ಹೇಳುತ್ತಿದ್ದಳು. ಚಳ್ಳಕೆರೆ ಕಡೆಯ ಅವರ ಮನೆತನದಲ್ಲಿ ಬೇಟೆಯ ಕತೆಗಳು ಬೇಕಾದಷ್ಟಿದ್ದವು. ಬಿಲ್ಲು ಮಾತ್ರ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಅದನ್ನು ಅವರು ಮೊದಲು ಮುಟ್ಟಿದ್ದು ಸಿಡ್ನಿಯ ಒಂದು ಓವಲ್ ಮೈದಾನದಲ್ಲಿ.

ಅಮ್ಮ ನರ್ಸ್. ತಿಪಟೂರಿನವಳು, ಮೊಟ್ಟೆಯನ್ನೂ ಒಳಗೆ ಬಿಡದ ಮನೆಯಿಂದ ಬಂದವಳು. ಮದುವೆಯಾದಾಗಲೇ ಇಬ್ಬರ ನಡುವೆ ಒಂದು ಒಪ್ಪಂದವಾಗಿತ್ತು. ಅಪ್ಪ ಮಾಂಸ ತಿನ್ನಬಹುದು, ಆದರೆ ತಾವೇ ಬೇಯಿಸಬೇಕು, ಬಾಲ್ಕನಿಯ ಸಣ್ಣ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ. ನನಗೆ ಯಾವುದು ಬೇಕೋ ಅದು. ಹಾಗಾಗಿ ನಮ್ಮ ಮನೆಯಲ್ಲಿ ಒಂದೇ ಊಟಕ್ಕೆ ಎರಡು ವಾಸನೆಗಳಿರುತ್ತಿದ್ದವು. ಯಾವ ಕಡೆಗೆ ಕೈ ಚಾಚಿದರೂ ಇನ್ನೊಬ್ಬರ ಮುಖ ನೋಡುವುದು ನನಗೆ ಬಹಳ ಚಿಕ್ಕಂದಿನಲ್ಲೇ ಅಭ್ಯಾಸವಾಯಿತು. ಅಡುಗೆಮನೆಯ ಮೂಲೆಯಲ್ಲಿ ಅಮ್ಮ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಾಗಲೂ ಸದ್ದು ಮಾಡುವಂತಿಲ್ಲ, ಕಾರಿಡಾರಿನಲ್ಲಿ ಅಪ್ಪ ಹೆದೆ ಎಳೆದಾಗಲೂ ಸದ್ದು ಮಾಡುವಂತಿಲ್ಲ. ಇಬ್ಬರ ನಡುವಿನ ಜಾಗದಲ್ಲಿ ನಾನು ಕಾರ್ನ್‌ಫ್ಲೇಕ್ಸನ್ನು ಹಾಲಿನಲ್ಲಿ ಮೆತ್ತಗಾಗಲು ಬಿಟ್ಟು ತಿನ್ನುತ್ತಿದ್ದೆ, ಅಗಿದರೆ ಕೇಳಿಸುತ್ತದೆಂದು.

ಆ ಕಾರಿಡಾರಿನ ಅಭ್ಯಾಸ ನಿಂತಿದ್ದು ಹೀಗೆ. ಅಮ್ಮ ನೈಟ್ ಶಿಫ್ಟ್ ಮುಗಿಸಿ ಬರುವ ವೇಳೆ ಅಪ್ಪನಿಗೆ ಗೊತ್ತಿತ್ತು. ಅಷ್ಟರೊಳಗೆ ಬಿಲ್ಲನ್ನು ಎತ್ತಿಡುತ್ತಿದ್ದರು. ಆ ದಿನ ಅವಳನ್ನು ಬೇಗ ಕಳಿಸಿದ್ದರು. ನಾನು ಬಚ್ಚಲಿನ ಬಾಗಿಲನ್ನು ಬೆರಳಷ್ಟು ಸರಿಸಿ ನೋಡುತ್ತಿದ್ದೆ. ಅಪ್ಪ ಹೆದೆಯನ್ನು ಕೆನ್ನೆಯವರೆಗೆ ಎಳೆದು ಕಣ್ಣು ಮುಚ್ಚಿಕೊಂಡಿದ್ದರು. ಕಣ್ಣಿನ ಸಹಾಯವಿಲ್ಲದೆ ಹೆಗಲೇ ಕಲಿಯಬೇಕು ಎಂಬುದು ಆ ಅಭ್ಯಾಸದ ಕ್ರಮ. ಮುಂಬಾಗಿಲಿನ ಬೀಗದಲ್ಲಿ ಕೀ ತಿರುಗಿತು. ಬಾಗಿಲು ಒಳಕ್ಕೆ ತೆರೆದು ಫೋಮಿನ ದಿಂಡನ್ನು ತಳ್ಳಿತು, ಅದು ಅಡ್ಡಬಿತ್ತು, ಅದು ನಿಂತಿದ್ದ ಜಾಗದಲ್ಲಿ ಹೆಗಲ ಮೇಲೆ ಬ್ಯಾಗು ಹಾಕಿಕೊಂಡು ಅಮ್ಮ ನಿಂತಿದ್ದಳು. ಅಪ್ಪ ಕಣ್ಣು ತೆರೆದರು. ಬಾಣ ಬಿಡಲಿಲ್ಲ. ಹೆದೆಯನ್ನು ಮೆಲ್ಲಗೆ ಇಳಿಸಿ ಬಾಣ ಕಳಚಿದರು. ಅಮ್ಮ ಶೂ ಬಿಚ್ಚಿ ಸಾಲಾಗಿ ಇಟ್ಟಳು. ದಿಂಡನ್ನು ಎತ್ತಿ ಬಾಲ್ಕನಿಗೆ ಒಯ್ದು ಇಟ್ಟು ಬಂದಳು.

“ಕಣ್ಣು ಮುಚ್ಕೊಂಡಿದ್ರಿ,” ಅಂದಳು.

“ಕೀ ಸದ್ದು ಕೇಳ್ತು ಕಣೆ.”

“ಕೇಳ್ದೇ ಇದ್ದಿದ್ರೆ?”

ಅಪ್ಪ ಬಿಲ್ಲನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ಆಮೇಲೆ ಮನೆಯೊಳಗೆ ಅದನ್ನು ಮತ್ತೆ ತೆಗೆಯಲಿಲ್ಲ. ನಾನು ಮಾತ್ರ ಬಾಗಿಲ ಹಿಂದೆ ನಿಂತು ಕೇಳುವುದನ್ನು ಬಿಡಲಿಲ್ಲ. ಶಾಲೆಯ ಟಾಯ್ಲೆಟ್ಟಿನಲ್ಲೂ ಒಮ್ಮೆ “ಬರ್ಲಾ” ಅಂದದ್ದಕ್ಕೆ ಪಕ್ಕದ ಹುಡುಗಿಯರೆಲ್ಲ ನಕ್ಕಿದ್ದರು. ಆ ವರ್ಷದಿಂದ ನನಗೆ ಬೆಳಗ್ಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರು ಏನೂ ಇಲ್ಲ ಅಂದರು. ಅಮ್ಮ ಜೀರಿಗೆ ಕಷಾಯ ಕೊಟ್ಟಳು.

ಅಪ್ಪನಿಗೆ ಮೆಲ್ಬರ್ನಿಗೆ ವರ್ಗವಾಗಿ ನಾವು ಅದರ ಅಂಚಿನ ವೆರಿಬೀಯಲ್ಲಿ ಮನೆ ಮಾಡಿದೆವು. ಈ ವರ್ಗವನ್ನು ಅಪ್ಪನೇ ಕೇಳಿ ಹಾಕಿಸಿಕೊಂಡರೆಂಬ ಅನುಮಾನ ಅಮ್ಮನಿಗೆ ಕೊನೆಯವರೆಗೂ ಇತ್ತು. ಏಕೆಂದರೆ ಆ ಹೊತ್ತಿಗಾಗಲೇ ಕ್ಲಬ್ಬಿನ ಯಾರೋ ಅಪ್ಪನಿಗೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಬೆಟ್ಟಗಳಲ್ಲಿರುವ ದೊಡ್ಡ ಜಿಂಕೆಗಳ ಫೋಟೋ ತೋರಿಸಿದ್ದರು. ಅಪ್ಪ ಅದರ ಒಂದು ಪ್ರತಿಯನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟರು. ಕಂದು ಬಣ್ಣ, ಒರಟು ಕತ್ತಿನ ಕೂದಲು, ಅಗಲ ಕಿವಿ.

“ಇದು ಯಾವ ಪ್ರಾಣಿ ಹೇಳು,” ಅಂದರು ಅಮ್ಮನಿಗೆ.

“ಜಿಂಕೆ.”

“ಕಡವೆ ಕಣೆ. ನಮ್ಮ ಕಡವೆ. ಬ್ರಿಟಿಷರು ಯಾವಾಗ್ಲೋ ನಮ್ಮ ಕಡೆಯಿಂದ ತಂದು ಬಿಟ್ಟಿದ್ದಂತೆ. ಈಗ ಬೆಟ್ಟದ ತುಂಬ ಅವೇ. ಲೈಸೆನ್ಸ್ ತಗೊಂಡ್ರೆ ಬಿಲ್ಲಲ್ಲೇ ಹೊಡೀಬಹುದು.”

ಅಮ್ಮ ಫೋಟೋವನ್ನು ಸಾರಿನ ಪಾತ್ರೆಯಿಂದ ದೂರ ಸರಿಸಿದಳು, ಅದಕ್ಕೆ ಕಲೆ ಆಗದಿರಲಿ ಎಂಬಂತೆ. ಬೇಡ ಅಂತಲೂ ಅನ್ನಲಿಲ್ಲ, ಆಗಲಿ ಅಂತಲೂ ಅನ್ನಲಿಲ್ಲ. ಅವಳ ಈ ಸುಮ್ಮನಿರುವಿಕೆ ಜಗಳಕ್ಕಿಂತ ನನಗೆ ಕಷ್ಟವಾಗುತ್ತಿತ್ತು. ಜಗಳ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿರುತ್ತದೆ. ಸುಮ್ಮನಿದ್ದಾಗ ನಾನು ಅವಳ ಹೆಜ್ಜೆ, ನಲ್ಲಿ ತಿರುಗಿಸುವ ರಭಸ, ತಟ್ಟೆ ಇಡುವ ಸದ್ದು ಎಲ್ಲವನ್ನೂ ಲೆಕ್ಕ ಹಾಕುತ್ತ ಕೂರಬೇಕಿತ್ತು.

ವೆರಿಬೀಯ ದಕ್ಷಿಣಕ್ಕೆ, ಸಮುದ್ರದ ಕಡೆ, ಹೂಕೋಸಿನ ಹೊಲಗಳಿದ್ದವು. ಅಲ್ಲಿ ಹೊಲವಿದ್ದ ಟೋನಿ ಅಂಕಲ್ ಎಂಬ ಇಟಾಲಿಯನ್ ಮೂಲದವರು ಅಮ್ಮನ ಆಸ್ಪತ್ರೆಯಲ್ಲಿ ಮಂಡಿಯ ಆಪರೇಷನ್ ಮಾಡಿಸಿಕೊಂಡಾಗ ಪರಿಚಯವಾದವರು. ಅವರು ವರ್ಷಕ್ಕೊಮ್ಮೆ ಬೆಟ್ಟಕ್ಕೆ ಹೋಗಿ ರೈಫಲಿನಲ್ಲಿ ಜಿಂಕೆ ಹೊಡೆಯುತ್ತಿದ್ದರು. ಬಿಲ್ಲು ಅವರಿಗೆ ತಮಾಷೆಯ ವಸ್ತುವಾಗಿತ್ತು. ಆದರೂ ಹೊಲದ ಕೊನೆಗಿದ್ದ ಗಾಳಿ ತಡೆಯುವ ಪೈನ್ ಮರಗಳ ತೋಪನ್ನು ಅಪ್ಪನಿಗೆ ಬಿಟ್ಟುಕೊಟ್ಟರು. ಅಪ್ಪ ಕರುವಿನಷ್ಟು ಎತ್ತರದ ಒಂದು ಫೋಮಿನ ಜಿಂಕೆಯನ್ನು ತರಿಸಿ ಮರಗಳ ನಡುವೆ ನಿಲ್ಲಿಸಿದರು. ಮೊದಲ ದಿನ ನಾವು ಮೂವರೂ ಹೋಗಿದ್ದೆವು. ಅಪ್ಪ ಕ್ಲಬ್ಬಿನ ಸ್ಪರ್ಧೆಯಲ್ಲಿ ಕಪ್ ಗೆದ್ದವರು. ನೆಟ್ಟಗೆ ನಿಂತು ಬಿಟ್ಟ ಬಾಣಗಳೆಲ್ಲ ಒಂದೇ ಮುಷ್ಟಿಯಷ್ಟು ಜಾಗದಲ್ಲಿ ಬಿದ್ದವು. ಹೆಮ್ಮೆಯಿಂದ ಅಮ್ಮನ ಕಡೆ ತಿರುಗಿದರು.

“ಕಾಡಲ್ಲಿ ಹೀಗೇ ನಿಂತ್ಕೊತೀರಾ?” ಅಂದಳು ಅಮ್ಮ.

“ಇಲ್ಲ. ಬಗ್ಗಬೇಕು, ಕೂರಬೇಕು.”

“ಕೂತು ಬಿಡಿ ಹಾಗಾದ್ರೆ. ಈ ಟೀ ಶರ್ಟ್ ಹಾಕ್ಕೊಂಡು ಹೋಗಲ್ಲ ತಾನೆ? ಜಾಕೆಟ್ ಹಾಕ್ಕೊಳಿ.”

ಅಪ್ಪ ಜಾಕೆಟ್ ಹಾಕಿ, ಒಂದು ಕೊಂಬೆಯ ಕೆಳಗೆ ಮಂಡಿಯೂರಿದರು. ಹೆದೆ ತೋಳಿಗೆ ಉಜ್ಜಿತು. ಬಾಣ ಫೋಮಿನ ಹೊಟ್ಟೆಯ ಕೆಳಭಾಗವನ್ನು ಸೀಳಿಕೊಂಡು ಹುಲ್ಲಿನಲ್ಲಿ ಮಾಯವಾಯಿತು. ಅಮ್ಮ ಹತ್ತಿರ ಹೋಗಿ ಆ ಸೀಳಿನಲ್ಲಿ ಬೆರಳಿಟ್ಟಳು.

“ಹೊಟ್ಟೆಗೆ ಏಟು ಬಿದ್ದೋರನ್ನ ನಾನು ನೋಡಿದೀನಿ,” ಅಂದಳು. “ಬೇಗ ಸಾಯಲ್ಲ ಅವರು.”

ಅಂದು ಮನೆಗೆ ಬಂದ ಮೇಲೆ ಅವಳು ತನ್ನ ಷರತ್ತು ಹೇಳಿದಳು. ಸಾಯಿಸುವುದು ಅವಳಿಗೆ ಇಷ್ಟವಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಆದರೆ ಅವಳು ಹೇಳಿದ್ದು ಬೇರೆ. ದಿನದ ಮೊದಲ ಬಾಣ ಮಾತ್ರ ಲೆಕ್ಕ. ಮೈ ಬಿಸಿಯಾಗುವ ಮುಂಚೆ, ಚಳಿಯಲ್ಲಿ, ಗಾಳಿಯಲ್ಲಿ, ಕಾಡಿಗೆ ಹಾಕಿಕೊಳ್ಳುವ ಬಟ್ಟೆಯಲ್ಲೇ, ಬೇಟೆಗೆ ಬಳಸುವ ಅಲಗಿನ ಮೊನೆಯಿರುವ ಬಾಣವನ್ನೇ ಬಿಡಬೇಕು. ದೂರ ಅಳೆಯುವಂತಿಲ್ಲ. ಆ ಒಂದು ಬಾಣ ಪ್ರತಿ ಸಲವೂ ಮುಂಗಾಲಿನ ಹಿಂದೆ, ಶ್ವಾಸಕೋಶವಿರುವ ಜಾಗದಲ್ಲೇ ಬೀಳುವವರೆಗೆ ಬೆಟ್ಟದ ಮಾತು ಬೇಡ. ತಪ್ಪಿದ ಮೇಲೆ ಎರಡನೆಯದನ್ನು ಚೆನ್ನಾಗಿ ಬಿಟ್ಟೆ ಅಂದರೆ ಅವಳು ಕೇಳುತ್ತಿರಲಿಲ್ಲ.

“ಮತ್ತೆ ನೀನು ಡ್ಯೂಟೀಲಿರ್ತೀಯ. ಯಾರು ನೋಡ್ತಾರೆ?” ಅಂದರು ಅಪ್ಪ.

“ಚೇತು ನೋಡ್ತಾಳೆ,” ಅಂದಳು ಅಮ್ಮ.

ನನ್ನನ್ನು ಯಾರೂ ಕೇಳಲಿಲ್ಲ. ಹನ್ನೊಂದೋ ಹನ್ನೆರಡೋ ವರ್ಷದ ನಾನು ಅಂದಿನಿಂದ ಸಾಕ್ಷಿಯಾದೆ. ವಾರದಲ್ಲಿ ಹಲವು ದಿನ ಶಾಲೆಗೆ ಮುಂಚೆ ಅಪ್ಪ ನನ್ನನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸುತ್ತಿದ್ದರು. ಸಮುದ್ರದಿಂದ ಬರುವ ಗಾಳಿ ಹೂಕೋಸಿನ ಕೊಳೆತ ಎಲೆಗಳ ವಾಸನೆಯನ್ನು ಹೊತ್ತು ಮುಖಕ್ಕೆ ರಾಚುತ್ತಿತ್ತು. ಮೊದಲು ಇಬ್ಬರೂ ಹೊಲದ ಬದುವಿನುದ್ದಕ್ಕೂ ಓಡಬೇಕು, ಎದೆ ಡವಗುಟ್ಟಬೇಕು, ಏಕೆಂದರೆ ಕಡವೆಯನ್ನು ಕಂಡಾಗ ಎದೆ ಹಾಗೆಯೇ ಹೊಡೆದುಕೊಳ್ಳುತ್ತದಂತೆ. ಆಮೇಲೆ ಅಪ್ಪ ಮುಖ ತಿರುಗಿಸಿ ನಿಲ್ಲುತ್ತಿದ್ದರು. ನಾನು ಹೋಗಿ ಜಿಂಕೆಯನ್ನು ನನಗೆ ತೋಚಿದ ಮರದ ಹಿಂದೆ ಅರ್ಧ ಮರೆಯಾಗುವಂತೆ ನಿಲ್ಲಿಸಿ ಅವರ ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದೆ. ಅವರು ಕೊಂಬೆಗಳ ಕೆಳಗೆ ನುಸುಳಿ, ಮಂಡಿಯೂರಿ, ಹೆದೆ ಎಳೆದು ಹಿಡಿಯುತ್ತಿದ್ದರು. ನಾನು “ನೌ” ಅನ್ನುವವರೆಗೆ ಬಿಡುವಂತಿಲ್ಲ. ಆ ಬಗೆಯ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೆ ಭಾರ ಇಳಿಯುತ್ತದೆ, ಕಾಯಬಹುದು. ಆದರೂ ಬಹಳ ಹೊತ್ತಾದರೆ ಹೆಗಲು ಸೋಲುತ್ತದೆ. ಅವರ ತೋಳು ನಡುಗಲು ಶುರುವಾಗುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಬೇಗ ಹೇಳಿದರೆ ಅಮ್ಮನಿಗೆ ಮೋಸ, ತಡ ಮಾಡಿದರೆ ಅಪ್ಪನಿಗೆ ಹಿಂಸೆ.

ನಿಜವಾದ ಕಷ್ಟ ಸಂಜೆಯದು. ಅಮ್ಮ ಚಪಾತಿ ಲಟ್ಟಿಸುತ್ತ ಅಪ್ಪನನ್ನು ಕೇಳುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದಳು.

“ಇವತ್ತು ಮೊದಲನೇದು ಎಲ್ಲಿ ಬಿತ್ತು?”

“ಲಿಟ್ಲ್ ಬಿಟ್ ಬ್ಯಾಕ್.”

“ಎಷ್ಟು ಹಿಂದೆ? ಕೈಯಲ್ಲಿ ತೋರ್ಸು.”

ನಾನು ನನ್ನ ಪಕ್ಕೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಅಪ್ಪ ಟೀವಿ ಕಡೆ ನೋಡುತ್ತಿರುತ್ತಿದ್ದರು. ಒಮ್ಮೆಯೂ ನನಗೆ ಸುಳ್ಳು ಹೇಳು ಅನ್ನಲಿಲ್ಲ, ಒಮ್ಮೆಯೂ ಕಣ್ಣಿನಲ್ಲಿ ಸನ್ನೆ ಮಾಡಲಿಲ್ಲ. ಅದಕ್ಕೇ ಹೇಳುವುದು ಇನ್ನಷ್ಟು ಕಷ್ಟವಾಗುತ್ತಿತ್ತು. ಕೆಲವು ಸಂಜೆ ನನ್ನ ಒಂದು ಮಾತಿನಿಂದ ಅವರ ಮುಖ ಮಂಕಾಗುವುದನ್ನು ನೋಡಲಾರದೆ ಹೋಮ್‌ವರ್ಕ್ ನೆಪ ಹೇಳಿ ತಟ್ಟೆ ಬಿಟ್ಟು ಏಳುತ್ತಿದ್ದೆ. ಅಮ್ಮ ಬಾಗಿಲವರೆಗೂ ಬಂದು ಮತ್ತೆ ಕೇಳುತ್ತಿದ್ದಳು. ಕಂಡದ್ದನ್ನು ಕಂಡ ಹಾಗೆ, ಕೂಡಿಸದೆ ಕಳೆಯದೆ ಹೇಳುವುದು ಸತ್ಯವಂತಿಕೆಯ ಪಾಠವೆಂದು ಜನ ಹೊಗಳುತ್ತಾರೆ. ನನಗೆ ಅದು ಬಂದದ್ದು ಇಬ್ಬರು ಪ್ರೀತಿಪಾತ್ರರ ನಡುವೆ ಸಿಕ್ಕಿಕೊಂಡ ಹೆದರಿಕೆಯಿಂದ. ಇಂದಿಗೂ ಮೀಟಿಂಗಿನಲ್ಲಿ ಕೆಟ್ಟ ಸುದ್ದಿ ಹೇಳಬೇಕಾದಾಗ ನನ್ನ ಕೈ ತಾನಾಗಿ ಪಕ್ಕೆಯ ಮೇಲೆ ಹೋಗುತ್ತದೆ.

ಬೇಸಿಗೆ ಹೋಗಿ ಗಾಳಿ ತಣ್ಣಗಾಗುವ ಹೊತ್ತಿಗೆ ಅಪ್ಪ ಬದಲಾಗಿದ್ದರು. ಮೈ ಇಳಿದಿತ್ತು, ಮಾತು ಕಡಿಮೆಯಾಗಿತ್ತು. ಜಾಕೆಟ್ಟಿನ ತೋಳನ್ನು ಅಮ್ಮನೇ ಹೊಲಿದು ಬಿಗಿ ಮಾಡಿಕೊಟ್ಟಿದ್ದಳು. ಮಳೆಯಲ್ಲಿ, ಮಬ್ಬಿನಲ್ಲಿ, ಬೆವರು ಕಣ್ಣಿಗೆ ಇಳಿಯುವಾಗ ಬಿಟ್ಟ ಮೊದಲ ಬಾಣವೂ ಮುಂಗಾಲಿನ ಹಿಂದೆಯೇ ಬೀಳುತ್ತಿತ್ತು. ಒಂದು ಭಾನುವಾರ ಅಮ್ಮ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ತೋಪಿಗೆ ಬಂದಳು. ಓಡಿಸಿದಳು, ಕೂರಿಸಿದಳು, “ನೌ” ಅನ್ನುವುದನ್ನು ತಾನೇ ಅಂದಳು. ಬಹಳ ತಡವಾಗಿ ಅಂದಳು. ಬಾಣ ಎಲ್ಲಿ ಬೀಳಬೇಕೋ ಅಲ್ಲಿ ಬಿತ್ತು. ಅವಳು ಹೋಗಿ ಅದನ್ನು ಮುಟ್ಟಿ ನೋಡಿದಳು.

“ಸರಿ,” ಅಂದಳು. “ನಾನೂ ಬರ್ತೀನಿ.”

ಶಾಲೆಯ ರಜೆಯಲ್ಲಿ ನಾವು ಪೂರ್ವದ ಬೆಟ್ಟಗಳಿಗೆ ಹೋದೆವು. ಟೋನಿ ಅಂಕಲ್ ತಮ್ಮ ಪಿಕಪ್ ಗಾಡಿ ಯೂಟ್‌ನಲ್ಲಿ ಮುಂದೆ, ನಾವು ಹಿಂದೆ. ಹೊಳೆಯ ದಂಡೆಯಲ್ಲಿ ಟೆಂಟು ಹಾಕಿದೆವು. ಆಕಾಶ ಮುಟ್ಟುವ ನೀಲಗಿರಿ ಮರಗಳು, ಕೆಳಗೆ ಛತ್ರಿಯಂಥ ಜರಿಗಿಡಗಳು, ಎಲ್ಲೆಲ್ಲೂ ಜಿಗಣೆ. ಮೊದಲ ದಿನ ಏನೂ ಕಾಣಲಿಲ್ಲ. ಎರಡನೆಯ ದಿನ ಬೆಳಗ್ಗೆ ಅಪ್ಪ ನನ್ನನ್ನು ಕರೆದುಕೊಂಡು ಒಂದು ಕೊರಕಲಿನ ಮೇಲೆ ಬಿದ್ದ ಮರದ ಹಿಂದೆ ಕೂತರು. ಅಪ್ಪನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು. ಬಿಸಿಲು ಜರಿಗಿಡಗಳ ತುದಿಗೆ ಬರುವಾಗ ಕೆಳಗಿನ ಹೊಳೆಗೆ ಇಳಿಯುವ ದಾರಿಯಲ್ಲಿ ಒಂದು ಹೆಣ್ಣು ಕಡವೆ ಬಂತು. ಸದ್ದೇ ಇರಲಿಲ್ಲ. ಮೊದಲು ಏನೂ ಇರಲಿಲ್ಲ, ಆಮೇಲೆ ಅದು ಇತ್ತು. ಅದರ ಮೂಗು ಒದ್ದೆಯಾಗಿತ್ತು. ಕಿವಿಗಳು ಒಂದೊಂದಾಗಿ ಬೇರೆ ಬೇರೆ ಕಡೆ ತಿರುಗುತ್ತಿದ್ದವು. ತಲೆ ಮರದ ಹಿಂದೆ ಮರೆಯಾದಾಗ ಅಪ್ಪ ಹೆದೆ ಎಳೆದರು. ಅದು ಹೊರಗೆ ಬಂದು ನಿಂತಿತು. ಪಕ್ಕೆ ಪೂರ್ತಿ ನಮ್ಮ ಕಡೆ. ನಾನು ಬಾಯೊಳಗೇ ನೌ ಅಂದುಕೊಂಡೆ. ಅಪ್ಪ ಬಿಟ್ಟರು.

ಹೆದೆಯ ಸದ್ದಿಗೆ ಕಡವೆ ಮೈ ತಗ್ಗಿಸಿ ಮುಂದಕ್ಕೆ ನೆಗೆಯಿತು. ಬಾಣ ಮುಟ್ಟುವ ಮುಂಚೆಯೇ ಅದು ಅಲ್ಲಾಡಿತ್ತು. ಮುಂಗಾಲಿನ ಹಿಂದೆ ಬೀಳಬೇಕಾದದ್ದು ಬಹಳ ಹಿಂದೆ, ಮೆತ್ತನೆಯ ಜಾಗದಲ್ಲಿ ಬಿದ್ದದ್ದನ್ನು ನಾನು ನೋಡಿದೆ. ಕೊಂಬು ಊದಿದ ಹಾಗೆ ಒಂದು ಕೂಗು ಕೊರಕಲಿನ ತುಂಬ ಬಡಿಯಿತು, ಕೊಂಬೆ ಮುರಿಯುವ ಸದ್ದು ದೂರವಾಗುತ್ತ ಹೋಯಿತು. ಅಪ್ಪ ಎದ್ದು ನಿಂತು ನನ್ನ ಕಡೆ ತಿರುಗಿದರು.

“ಎಲ್ಲಿ ಬಿತ್ತು?” ಅಂದರು.

ಅಮ್ಮನ ಪ್ರಶ್ನೆಯನ್ನು ಅವರು ಮೊದಲ ಸಲ ಕೇಳುತ್ತಿದ್ದರು. ನಾನು ಪಕ್ಕೆಯ ಕೊನೆಯಲ್ಲಿ ಬೆರಳಿಟ್ಟು ತೋರಿಸಿದೆ. ಅವರು ಹಾಗೆಯೇ ಕೂತುಬಿಟ್ಟರು.

ಕೆಳಗೆ ಹೋಗಿ ನೋಡಿದಾಗ ಬಾಣ ಮೈಯನ್ನು ತೂರಿಕೊಂಡು ಹೋಗಿ ಆಚೆ ಮಣ್ಣಿನಲ್ಲಿ ನಾಟಿತ್ತು. ಅದಕ್ಕೆ ರಕ್ತಕ್ಕಿಂತ ಹೆಚ್ಚಾಗಿ ಹೊಟ್ಟೆಯೊಳಗಿನ ಹಸಿರು ರಸ ಅಂಟಿತ್ತು, ವಾಸನೆ ಬರುತ್ತಿತ್ತು. ಟೆಂಟಿಗೆ ತಂದು ತೋರಿಸಿದಾಗ ಟೋನಿ ಅಂಕಲ್ ಮೂಸಿ ನೋಡಿ ತಲೆಯಾಡಿಸಿದರು. ಈಗ ಬೆನ್ನು ಹತ್ತಿದರೆ ಅದು ಬೆಟ್ಟ ಹತ್ತಿ ಹೋಗುತ್ತದೆ, ಸಿಗುವುದಿಲ್ಲ. ಬಿಟ್ಟರೆ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ, ಮಧ್ಯಾಹ್ನದವರೆಗೆ ಕಾಯಬೇಕು ಅಂದರು. ಅಮ್ಮ ಬಾಣವನ್ನು ಕೈಗೆ ತೆಗೆದುಕೊಂಡು ನೋಡಿದಳು. ಬೈಯಲಿಲ್ಲ. ಹೊಳೆಗೆ ಹೋಗಿ ಕೈ ತೊಳೆದು ಬಂದು ಮಡಚುವ ಕುರ್ಚಿಯಲ್ಲಿ ಕೂತಳು. ನಾವು ನಾಲ್ವರೂ ಕೂತೆವು. ಟೀ ಕಾಸಿದರು, ಯಾರೂ ಕುಡಿಯಲಿಲ್ಲ. ಒಂದು ಹಕ್ಕಿ ಬೇರೆ ಬೇರೆ ಹಕ್ಕಿಗಳ ಕೂಗನ್ನು ಒಂದಾದ ಮೇಲೊಂದು ಅನುಕರಿಸುತ್ತಿತ್ತು. ನನ್ನ ಬಾಲ್ಯದಲ್ಲಿ ಅಷ್ಟು ಉದ್ದದ ಬೆಳಗನ್ನು ನಾನು ಇನ್ನೊಂದು ಕಾಣೆ. ಆ ಪ್ರಾಣಿ ಎಲ್ಲೋ ಹತ್ತಿರದಲ್ಲೇ ಮಲಗಿದೆ, ನಾವು ಅದು ಸಾಯಲಿ ಎಂದು ಕಾಯುತ್ತಿದ್ದೇವೆ, ಮತ್ತು ಹಾಗೆ ಕಾಯುವುದೇ ಅದಕ್ಕೆ ನಾವು ಮಾಡಬಹುದಾದ ಒಳ್ಳೆಯದು. ಇದನ್ನು ನನ್ನ ತಲೆಯಲ್ಲಿ ಎಷ್ಟು ಸಲ ತಿರುಗಿಸಿದರೂ ಅದು ನೆಟ್ಟಗಾಗಲಿಲ್ಲ.

ಆಮೇಲೆ ಮೋಡ ಕವಿಯಿತು. ಬೆಟ್ಟದ ತಲೆ ಕಾಣದಾಯಿತು.

“ಮಳೆ ಬಂದ್ರೆ ರಕ್ತ ತೊಳೆದು ಹೋಗುತ್ತೆ,” ಅಂದಳು ಅಮ್ಮ.

“ಈಗ್ಲೇ ಹೋದ್ರೆ ಎದ್ದು ಓಡುತ್ತೆ,” ಅಂದರು ಅಪ್ಪ.

“ಸಿಗದೇ ಹೋದ್ರೆ ಎರಡು ದಿನ ಹಾಗೇ ಬಿದ್ದಿರುತ್ತೆ, ಗೊತ್ತಾ ನಿಮಗೆ?”

ಅಪ್ಪ ಟೋನಿ ಅಂಕಲ್ ಮುಖ ನೋಡಿದರು. ಅವರು ಆಕಾಶ ನೋಡಿದರು. “ನಿನ್ನ ಹೆಂಡತಿ ಹೇಳೋದು ಸರಿ, ಮೇಟ್,” ಅಂದು ರೈಫಲನ್ನು ಹೆಗಲಿಗೆ ಹಾಕಿಕೊಂಡರು.

ಕೊರಕಲಿನಿಂದ ಮೇಲಕ್ಕೆ ಹುಡುಕುತ್ತ ಹೊರಟೆವು. ರಕ್ತ ಬಹಳ ಕಡಿಮೆ ಇತ್ತು. ಗಂಡಸರಿಬ್ಬರೂ ನೆಲ ನೋಡುತ್ತಿದ್ದರು. ಅಮ್ಮ ಬಗ್ಗಿ ಜರಿಗಿಡದ ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದಳು. ಹಾದು ಹೋಗುವಾಗ ಪ್ರಾಣಿಯ ಪಕ್ಕೆ ಉಜ್ಜಿದ ಎತ್ತರದಲ್ಲಿ, ಎಲೆಯ ಅಂಚಿನಲ್ಲಿ, ಸಾಸಿವೆಯಷ್ಟು ಕೆಂಪು. “ಇಲ್ಲಿ,” ಅನ್ನುತ್ತಿದ್ದಳು. ಕೊನೆಯ ಗುರುತಿನ ಹತ್ತಿರ ನಿಲ್ಲುವುದು ನನ್ನ ಕೆಲಸ. ಮುಂದಿನದು ಸಿಗುವವರೆಗೆ ನಾನು ಅಲ್ಲಿಂದ ಕದಲುವಂತಿರಲಿಲ್ಲ; ಅದೂ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಅವರ ಧ್ವನಿಗಳು ಗಿಡಗಳ ಆಚೆ ಚದುರಿ ಹೋಗುತ್ತಿದ್ದವು. ಮೊದಲ ಹನಿಗಳು ಎಲೆಗಳ ಮೇಲೆ ಬೀಳತೊಡಗಿದವು. ನಾನು ನನ್ನ ಅಂಗೈಯನ್ನು ಆ ಕೆಂಪು ಚುಕ್ಕೆಯ ಮೇಲೆ ಕೊಡೆಯಂತೆ ಹಿಡಿದು ನಿಂತಿದ್ದೆ. ಅಮ್ಮ ಮುಂದಿನ “ಇಲ್ಲಿ” ಅನ್ನುವವರೆಗೆ ಕೈ ತೆಗೆಯಲಿಲ್ಲ.

ಅದು ಒಂದು ಬಿದ್ದ ದಿಮ್ಮಿಯ ಮಗ್ಗುಲಲ್ಲಿ ಮಲಗಿತ್ತು. ಬದುಕಿತ್ತು. ತಲೆ ಎತ್ತಿ ನಮ್ಮನ್ನು ನೋಡಿತು, ಏಳಲು ಮುಂಗಾಲುಗಳನ್ನು ಊರಿತು, ಆಗಲಿಲ್ಲ. ಅಪ್ಪ ಬಾಣ ಹೂಡಿದರು. ಹೆದೆ ಎಳೆಯಲು ಹೋದರು, ಅರ್ಧಕ್ಕೇ ತೋಳು ನಿಂತಿತು. ಇನ್ನೊಮ್ಮೆ ಎಳೆದರು, ಅದೂ ಅರ್ಧಕ್ಕೇ. ಟೋನಿ ಅಂಕಲ್ ಕಾಯುತ್ತಿದ್ದರು. ಬೇಟೆಗಾರರಲ್ಲಿ ಅದು ಮರ್ಯಾದೆ, ಹೊಡೆದವನೇ ಮುಗಿಸಬೇಕು.

“ಯಾರು ಬೇಗ ಮುಗಿಸ್ತಾರೋ ಅವರು ಮುಗಿಸ್ಲಿ,” ಅಂದಳು ಅಮ್ಮ ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ, ಮೆಲ್ಲಗೆ, “ಟೋನಿ, ಪ್ಲೀಸ್.”

ಅಮ್ಮ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಗುಂಡಿನ ಸದ್ದು ಅವಳ ಮೈಯೊಳಗಿಂದ ನನಗೆ ಕೇಳಿಸಿತು. ಕಣ್ಣು ತೆರೆದಾಗ ಮಳೆ ಜೋರಾಗಿ ಸುರಿಯುತ್ತಿತ್ತು. ಅಪ್ಪ ಬಿಲ್ಲನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಅಮ್ಮ ಕಡವೆಯ ಹತ್ತಿರ ಹೋಗಿ ಮಂಡಿಯೂರಿ, ಆಸ್ಪತ್ರೆಯಲ್ಲಿ ಮಾಡುವ ಹಾಗೆ, ಅದರ ಕತ್ತಿನ ಮೇಲೆ ಎರಡು ಬೆರಳಿಟ್ಟು ಸ್ವಲ್ಪ ಹೊತ್ತು ಇದ್ದಳು.

ಅಪ್ಪ ಮಾಂಸವನ್ನೆಲ್ಲ ಟೋನಿ ಅಂಕಲ್‌ಗೆ ಕೊಟ್ಟುಬಿಡಲು ಹೊರಟಿದ್ದರು. ಅಮ್ಮ ಬಿಡಲಿಲ್ಲ. ಅಷ್ಟು ಹಿಂಸೆ ಕೊಟ್ಟು ತಿನ್ನದೆ ಬರುವುದು ಯಾವ ನ್ಯಾಯ ಅಂದಳು. ವೆರಿಬೀಯ ಹಿತ್ತಲಿನ ಒಲೆಯ ಮೇಲೆ ಅಪ್ಪ ಅದನ್ನು ಕೊತ್ತಂಬರಿ, ಮೆಣಸು, ಚಕ್ಕೆ ಹಾಕಿ ಬೇಯಿಸಿದರು. ತಟ್ಟೆಗೆ ಹಾಕಿಕೊಂಡು ಎರಡು ತುತ್ತಿಗಿಂತ ಹೆಚ್ಚು ತಿನ್ನಲಾಗಲಿಲ್ಲ. ನಾನು ತಿಂದೆ. ನಿಜ ಹೇಳಬೇಕೆಂದರೆ ರುಚಿಯಾಗಿತ್ತು. ಅಮ್ಮ ಪಕ್ಕದ ಮೆಟ್ಟಿಲ ಮೇಲೆ ಮೊಸರನ್ನ ತಿನ್ನುತ್ತ ಕೂತಿದ್ದಳು. ಅಷ್ಟು ಹತ್ತಿರ ಅವಳು ಹಿಂದೆ ಎಂದೂ ಕೂತಿರಲಿಲ್ಲ.

ಬಿಲ್ಲು ಗ್ಯಾರೇಜಿನ ಮೊಳೆ ಸೇರಿತು. ಅಪ್ಪ ಶನಿವಾರ ಭಾನುವಾರಗಳಲ್ಲಿ ಹುಲ್ಲು ಕತ್ತರಿಸಿದರು, ಕಾರು ತೊಳೆದರು, ತೊಳೆದ ಕಾರನ್ನೇ ಮತ್ತೆ ತೊಳೆದರು. ನನಗೆ ಬೆಳಗ್ಗೆ ಮಲಗಲು ಸಿಕ್ಕರೂ ಅದೇ ವೇಳೆಗೆ ಎಚ್ಚರವಾಗುತ್ತಿತ್ತು. ಗೋಡೆಯ ಆಚೆ ಅಪ್ಪನಿಗೂ ಎಚ್ಚರವಾಗಿರುವುದು ಮಂಚದ ಸದ್ದಿನಿಂದ ತಿಳಿಯುತ್ತಿತ್ತು. ಚಳಿಗಾಲ ಅರ್ಧವಾದಾಗ, ಒಂದು ದಿನ ತಿಂಡಿಯ ಹೊತ್ತಿಗೆ, ಬಿಲ್ಲನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಅಂದರು. ಅಮ್ಮ ಖುಷಿಪಡುತ್ತಾಳೆಂದು ನಾನು ಎಣಿಸಿದ್ದೆ.

“ಅಷ್ಟು ಸುಲಭವಾಗಿ ಬಿಟ್ಟುಬಿಡ್ತೀರಾ?” ಅಂದಳು.

“ಇನ್ನೇನು ಮಾಡ್ಲಿ? ನೀನು ಹೇಳಿದ್ದೆಲ್ಲ ಮಾಡ್ದೆ. ಚಳೀಲಿ ಮಾಡ್ದೆ, ಮಳೇಲಿ ಮಾಡ್ದೆ. ಮೊದಲನೇ ಬಾಣ ಎಲ್ಲಿ ಬಿತ್ತು ನೋಡ್ದೆಯಲ್ಲ.”

“ನಿಮ್ಮ ಗೊಂಬೆ ಅಲ್ಲಾಡಲ್ಲ. ಅದು ನನಗೆ ಹೊಳೀಲಿಲ್ಲ,” ಅಂದಳು ಅಮ್ಮ. ಅಪ್ಪನ ತಪ್ಪಿನಲ್ಲಿ ತನ್ನ ಪಾಲನ್ನು ಅವಳು ಎತ್ತಿಕೊಳ್ಳುವುದನ್ನು ನಾನು ಕೇಳಿದ್ದು ಅದೊಂದೇ ಸಲ.

ಮುಂದಿನ ಭಾನುವಾರ ಅವಳು ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ ಕಾರಿನಲ್ಲಿ ಹಾಕಿಕೊಂಡಳು. ತೋಪಿನಲ್ಲಿ ಟೋನಿ ಅಂಕಲ್‌ನ ತರಕಾರಿ ಗಾಡಿಯ ಎರಡು ಚಕ್ರಗಳ ಮೇಲೆ ಫೋಮಿನ ಕಡವೆಯನ್ನು ಕಟ್ಟಿ ನಿಲ್ಲಿಸಿದೆವು. ಹಗ್ಗದ ತುದಿ ಹಿಡಿದು ಅಮ್ಮ ಪಕ್ಕಕ್ಕೆ, ದೂರದ ಒಂದು ದಪ್ಪ ಮರದ ಹಿಂದೆ ಹೋಗಿ ಕೂತಳು. ಅವಳ ಬೂದು ಸ್ವೆಟರಿನ ತೋಳು ಮಾತ್ರ ಕಾಣುತ್ತಿತ್ತು. ಯಾವಾಗ ಎಳೆಯುತ್ತೇನೆ, ಎಳೆಯುತ್ತೇನೋ ಇಲ್ಲವೋ ಹೇಳುವುದಿಲ್ಲ ಅಂದಿದ್ದಳು. ಅಪ್ಪ ಓಡಿದರು, ಬಗ್ಗಿದರು, ಮಂಡಿಯೂರಿದರು. ನಾನು ಹಿಂದೆ ನಿಂತಿದ್ದೆ. ಈ ಸಲ “ನೌ” ಅನ್ನುವವರು ಯಾರೂ ಇರಲಿಲ್ಲ. ಅಪ್ಪ ಹೆದೆ ಎಳೆದರು. ಕಡವೆ ನಿಂತೇ ಇತ್ತು. ಗಾಳಿ ಪೈನ್ ಮರಗಳ ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಹಗ್ಗ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಆಮೇಲೆ, ಗೊಂಬೆ ಕದಲದೆ, ಕಾಡಿನಲ್ಲಿ ಕಡವೆ ಕಿವಿ ತಿರುಗಿಸಿದ ಹಾಗೆ, ಸ್ವಲ್ಪವೇ ಬಿಗಿಯಾಯಿತು. ಅದನ್ನು ನಾನೂ ಕಂಡೆ, ಅಪ್ಪನೂ ಕಂಡರು. ಪಕ್ಕೆ ಪೂರ್ತಿ ನಮ್ಮ ಕಡೆ ಇತ್ತು, ಎಷ್ಟೋ ತಿಂಗಳಿಂದ ಬಾಣ ತಪ್ಪದೆ ಬೀಳುತ್ತಿದ್ದ ದೂರವೇ ಇತ್ತು. ಅಪ್ಪನ ತೋಳು ನಡುಗಲು ಶುರುವಾಯಿತು. ಅವರು ಉಸಿರು ಬಿಟ್ಟು, ಹೆದೆಯನ್ನು ಮೆಲ್ಲಗೆ, ಪೂರ್ತಿ ಇಳಿಸಿ, ಬಾಣವನ್ನು ಬತ್ತಳಿಕೆಗೆ ಹಾಕಿದರು.

ಮರದ ಹಿಂದಿನಿಂದ ಅಮ್ಮ ಎದ್ದಳು. ಸ್ವೆಟರಿಗೆ ಅಂಟಿದ ಪೈನ್ ಸೂಜಿಗಳನ್ನು ಕೊಡವುತ್ತ ನಮ್ಮ ಕಡೆ ಬಂದಳು.

“ಚೇತು,” ಅಂದಳು, “ಇವತ್ತು ಮೊದಲನೇದು ಎಲ್ಲಿ ಬಿತ್ತು?”

“ಬಿಡಲಿಲ್ಲಮ್ಮ,” ಅಂದೆ ನಾನು, ಕನ್ನಡದಲ್ಲೇ.

ಅವಳು ಹಗ್ಗವನ್ನು ಸುತ್ತಿಕೊಳ್ಳುತ್ತ ಅಪ್ಪನ ಮುಖ ನೋಡಿದಳು. “ಹಾಂ,” ಅಂದಳು. “ಇನ್ನೊಂದ್ಸಲ ಮಾಡಿ.”